ಹರಿದು ಹಾಕಬೇಕಾದ ಚೀಟಿ

“ಮೂಗಿಂದ ಎಳ್ಕೊಳ್ರೇ ಮುಂಡೇರಾ, ಬಾಯಿಂದ ಬಿಡಿ! ಮೇಡಂ ಹೇಳಿದ್ದು ಕಿವಿಗೆ ಬೀಳಲ್ವಾ?”

ಗುತ್ತಿಗೆದಾರನ ಮೇಸ್ತ್ರಿ ಅರಚುತ್ತಿದ್ದ. ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಹದಿನಾರು ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಉಸಿರೆಳೆದರು. ಒಳಗೆ ಹೋದದ್ದು ಕೀವು, ಹಳಸಿದ ರಕ್ತ, ಯಾರದೋ ಭೇದಿಯ ನಾತ. ವಾರ್ಡುಗಳಿಂದ ಇಳಿದ ಗಂಟುಗಳು ಮೂಲೆಯಲ್ಲಿ ಬಿಚ್ಚದೆ ಬಿದ್ದಿದ್ದವು. ಮನೋಬಲದ ತರಬೇತಿ ಕೊಡಲು ಬಂದ ಮೇಡಂ ಸೆಂಟು ಹಾಕಿದ ಕರ್ಚೀಫನ್ನು ಮೂಗಿಗೊತ್ತಿಕೊಂಡೇ, “ಆಳವಾಗಿ... ಇನ್ನೂ ಆಳವಾಗಿ” ಎನ್ನುತ್ತಿದ್ದಳು.

ಕಣ್ಣು ಮುಚ್ಚದೆ ಕೂತವಳು ಒಬ್ಬಳೇ. ಹೆತ್ತು ಐವತ್ತು ದಿನಕ್ಕೇ ಗಂಟು ಬಿಚ್ಚಲು ಬಂದವಳು. ಅಂದಿನಿಂದ ಎಲ್ಲರ ಬಾಯಲ್ಲೂ ಬಾಣಂತಿ. ಮೊನ್ನೆ ಬೆಳಗ್ಗೆ ಗಂಟೊಂದರ ಮಡಿಕೆಯಲ್ಲಿದ್ದ ಸೂಜಿ ಅವಳ ಬೆರಳಿಗೆ ಬುಡದವರೆಗೆ ಇಳಿದಿತ್ತು. ಗ್ಲೌಸು ಕೇಳಿ ಕೇಳಿ ನಾಲಿಗೆ ಸವೆದಿತ್ತೇ ಹೊರತು ಗ್ಲೌಸು ಬಂದಿರಲಿಲ್ಲ.

“ಯಾರ ರಕ್ತದ ಸೂಜಿಯೋ ಏನೋ, ಎಚ್‌ಐವಿ ತಡೆಯೋ ಮಾತ್ರೆ ಮೂರು ದಿನದೊಳಗೆ ಶುರುವಾಗ್ಬೇಕಮ್ಮ. ಕೆಲಸದಲ್ಲೇ ಚುಚ್ಚಿದ್ದು ಅಂತ ನಿಮ್ಮ ಮೇಸ್ತ್ರಿ ಹತ್ರ ಬರೆಸ್ಕೊಂಡು ಬಾ, ಮಾತ್ರೆ ಬರ್ಕೊಡ್ತೀನಿ. ಅಲ್ಲಿವರೆಗೂ ಮಗುಗೆ ಎದೆಹಾಲು ಕೊಡ್ಬೇಡ” ಎಂದಿದ್ದ ಮೇಲಿನ ಡಾಕ್ಟರು.

ಮೇಸ್ತ್ರಿ ನಕ್ಕಿದ್ದ. “ಸೂಜಿ ನಿಂಗೆ ಚುಚ್ತೋ, ನೀನೇ ಚುಚ್ಕೊಂಡ್ಯೋ, ಯಾವನು ನೋಡ್ದ? ಹೋಗೇ, ಕೆಲಸ ನೋಡು.”

ನಾಳೆ ಬೆಳಗಾದರೆ ಮೂರು ದಿನ ಮುಗಿಯುತ್ತಿತ್ತು. ಎರಡು ದಿನದಿಂದ ಅವಳು ಹಾಲು ಹಿಂಡಿ ಬಚ್ಚಲಿಗೆ ಚೆಲ್ಲುತ್ತಿದ್ದಳು. ಕೂಸು ವಾಸನೆ ಹಿಡಿದು ಎದೆಗೆ ಬಾಯಿ ಹಾಕಿದಾಗ ಅತ್ತೆ ಎಳೆದುಕೊಂಡು ಹೋಗಿ ಬಾಟಲಿ ತುರುಕುತ್ತಿದ್ದಳು. ಈಗಲೂ ಅವಳ ಎದೆ ಕಲ್ಲಾಗಿ, ರವಿಕೆ ಒದ್ದೆಯಾಗಿ, ಹಾಲಿನ ಹುಳಿ ನಾತ ಗಂಟುಗಳ ನಾತದೊಳಗೆ ಸೇರುತ್ತಿತ್ತು.

“ಕಷ್ಟ ಹೊರಗಿಲ್ಲ, ನಿಮ್ಮ ಮನಸ್ಸಲ್ಲಿದೆ” ಎಂದಳು ಮೇಡಂ, ಚೀಟಿ ಹಂಚುತ್ತಾ. “ನಿಮ್ಮ ಕಷ್ಟ ಇದರಲ್ಲಿ ಬರೀರಿ, ಆಮೇಲೆ ಹರಿದು ಬುಟ್ಟಿಗೆ ಹಾಕಿ. ಹಗುರಾಗ್ತೀರಿ.”

“ನನ್ ಗಂಡನ ಹೆಸರು ಬರ್ದು ಹರಿದ್ರೆ ತೊಲಗ್ತಾನಾ ಮೇಡಮ್ಮಾ?” ಎಂದಳು ಎಲ್ಲರಿಗಿಂತ ಹಿರಿಯಳಾದ ಅಜ್ಜಿ. ಹೆಂಗಸರು ಕಿಸಕ್ಕನೆ ನಕ್ಕರು.

ಬಾಣಂತಿ ಬರೆದಳು. ದಿನ, ಹೊತ್ತು, ವಾರ್ಡು, ಬೆರಳು, ಇಲ್ಲದ ಗ್ಲೌಸು. ಮೇಡಂ ಬಗ್ಗಿ ಓದಿ, “ಅಕ್ಷರ ಎಷ್ಟು ಮುದ್ದಾಗಿದೆ! ಈಗ ಹರೀರಿ” ಎಂದಳು.

“ಹರಿಯಲ್ಲ. ಓದಿದ್ರಲ್ಲ, ಕೆಳಗೆ ಒಂದು ಸೈನ್ ಹಾಕಿ.”

“ಅಯ್ಯೋ, ನಾನು ಹಾಗೆಲ್ಲ ಹಾಕೋ ಹಾಗಿಲ್ಲಮ್ಮ. ಕಹಿಯನ್ನ ಹೀಗೆ ಹಿಡ್ಕೊಂಡು ಕೂರಬಾರದು...”

“ಸೂಜಿ ನನ್ ಮನಸ್ಸಲ್ಲಿರ್ಲಿಲ್ಲ ಮೇಡಂ, ಬೆಡ್‌ಶೀಟಲ್ಲಿತ್ತು.”

ಮೇಸ್ತ್ರಿ ಬಂದವನೇ ಚೀಟಿ ಕಿತ್ತು ನಾಲ್ಕು ಚೂರು ಮಾಡಿ ಬುಟ್ಟಿಗೆಸೆದ.

“ನೋಡಿ, ಹೋಯ್ತು!” ಎಂದಳು ಮೇಡಂ. “ಎಲ್ಲರೂ ಇವರಿಗೊಂದು ಚಪ್ಪಾಳೆ.”

ಅವಳ ಎರಡು ಕೈ ಮಾತ್ರ ತಟ್ಟಿದವು.

ಬಾಣಂತಿ ಎದ್ದಳು. ಇಸ್ತ್ರಿ ಮೇಜಿನಿಂದ ಒಗೆದ ಬೆಡ್‌ಶೀಟೊಂದನ್ನು ಎಳೆದು ನೆಲಕ್ಕೆ ಹಾಸಿದಳು. ಬಟ್ಟೆಗೆ ವಾರ್ಡಿನ ನಂಬರು ಹಾಕುವ ಶಾಯಿಯ ಡಬ್ಬಿ ತೆಗೆದಳು. ಸೋಡಾದಲ್ಲಿ ಕುದಿಸಿದರೂ ಬಿಡದ ಶಾಯಿ ಅದು. ಬ್ರಷ್ಷು ಅದ್ದಿ, ಚೀಟಿಯಲ್ಲಿದ್ದುದನ್ನೇ ಬೆರಳುದ್ದದ ಅಕ್ಷರಗಳಲ್ಲಿ ಬರೆದಳು.

“ಆಸ್ಪತ್ರೆ ಮಾಲು ಕಣೇ ಅದು, ಬೋಳಿ!” ಮೇಸ್ತ್ರಿ ನುಗ್ಗಿದ.

ಅಜ್ಜಿ ಕುರ್ಚಿ ತಳ್ಳಿಕೊಂಡು ಅಡ್ಡ ಬಂದಳು. “ಮುಟ್ಟೋ ನೋಡೋಣ, ಹಡಬೆ ನನ್ಮಗನೇ. ಮಗಳೇ, ನಾನು ಕಣ್ಣಾರೆ ಕಂಡಿದ್ದೀನಿ ಅಂತ್ಲೂ ಬರಿ. ನನ್ ಹೆಬ್ಬೆಟ್ಟಿಗೆ ಜಾಗ ಬಿಡು.”

ಹದಿನೈದು ಹೆಬ್ಬೆಟ್ಟು ಬಿದ್ದವು. ಹೆಂಗಸರು ಶೀಟನ್ನು ನಾಲ್ಕೂ ಅಂಚಿಗೆ ಹಿಡಿದು, ತಾವು ಹತ್ತಬಾರದೆಂದಿದ್ದ ರೋಗಿಗಳ ಮೆಟ್ಟಿಲನ್ನೇ ಹತ್ತಿದರು. ಡಾಕ್ಟರ ಕೋಣೆಯ ಮುಂದೆ ಬೆಂಚಿನಲ್ಲಿದ್ದವರು ಎದ್ದು ನಿಂತು ಓದಿದರು. ಓದು ಬಾರದವರಿಗೆ ಪಕ್ಕದವರು ಓದಿ ಹೇಳಿದರು.

ಡಾಕ್ಟರು ಬಾಗಿಲಿಗೆ ಬಂದ. “ಏನಮ್ಮಾ ಇದು? ನಾನು ಕೇಳಿದ್ದು ಕಾಗದ.”

“ಕಾಗದ ಹರೀತಾರೆ ಸಾರ್.”

ಹಿಂದಿನಿಂದ ಏದುಸಿರು ಬಿಡುತ್ತಾ ಬಂದ ಮೇಸ್ತ್ರಿ ಒಂದು ಅಂಚು ಹಿಡಿದು ಜಗ್ಗಿದ. ಒದ್ದೆ ಗಂಟು ಎತ್ತಿ ಎತ್ತಿ ಜಡ್ಡುಗಟ್ಟಿದ ಕೈಗಳು ಈಚೆಯಿಂದ ಜಗ್ಗಿದವು. ಅವನು ಬೋರಲು ಬಿದ್ದ.

ಡಾಕ್ಟರು ಮೇಸ್ತ್ರಿಯನ್ನು ನೋಡಿದ, ಗಡಿಯಾರ ನೋಡಿದ. ಜೇಬಿನ ಪೆನ್ನು ಜೇಬಿನಲ್ಲೇ ಇತ್ತು. ಬಾಣಂತಿ ಅವನ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಶೀಟು ಹಾಸಿ ಅದರ ಮೇಲೆ ಕೂತಳು. ಅಜ್ಜಿ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು.