ದುತ್ಕಾ ಅಂಗಡಿಯ ಕೊರಳಪಟ್ಟಿ

ಮಗುವಿನ ತಲೆಗೆ ಪಾದ್ರಿ ನೀರು ಹಾಕುವ ಹೊತ್ತಿಗೆ ಸರಿಯಾಗಿ ಒಲಿಂದಾಳ ಕ್ಯಾಮೆರಾ ಕೈಕೊಟ್ಟಿತು. ಬೈದು ಪ್ರಯೋಜನವಿಲ್ಲ, ಪಾಪ, ಅದಕ್ಕೂ ವಯಸ್ಸಾಗಿತ್ತು. ಆದರೆ ಕೈಕೊಡುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ? ಬರುವ ಶನಿವಾರವೇ ಫ್ಲೇತಾಸ್ ಮನೆಯ ಹುಡುಗಿಗೆ ಹದಿನೈದು ತುಂಬುವ ಹಬ್ಬ. ನಮ್ಮ ಗಡಿಯೂರು ಪೊಸಾದಾಸಿನಲ್ಲಿ ಹೆಣ್ಣುಮಕ್ಕಳ ಹದಿನೈದರ ಹಬ್ಬವೆಂದರೆ ಮದುವೆಯನ್ನೂ ಮೀರಿಸಿದ್ದು. ಫೋಟೋ ಕೆಟ್ಟರೆ ಹುಡುಗಿಯ ಅಜ್ಜಿ ತಾನು ಸಾಯುವವರೆಗೂ ಫೋಟೋ ತೆಗೆದವಳಿಗೆ ಶಾಪ ಹಾಕುತ್ತಾಳೆ. ಒಲಿಂದಾಳ ಹೊಟ್ಟೆಪಾಡು ನಡೆಯುವುದೇ ಈ ಹಬ್ಬಗಳಿಂದ.

ಹೊಸ ಕ್ಯಾಮೆರಾ ಬೇಕೇ ಬೇಕು. ಎಲ್ಲಿ ಕೊಳ್ಳುವುದು? ಬೇರೆಯವರಿಗಾದರೆ ಇದೊಂದು ಪ್ರಶ್ನೆಯೇ ಅಲ್ಲ. ನದಿಯ ಆಚೆ ದಡ ಪರಗ್ವೆ ದೇಶ, ಅಲ್ಲಿ ಎಲ್ಲವೂ ಅರ್ಧಕ್ಕರ್ಧ ಅಗ್ಗ. ಈರುಳ್ಳಿ, ಟೈರು, ಕಂಬಳಿ, ಒಳಉಡುಪು, ಯಾವುದು ಬೇಕಾದರೂ ಊರಿಗೆ ಊರೇ ಬಸ್ಸು ಹತ್ತಿ ಸೇತುವೆ ದಾಟುತ್ತದೆ. ಆದರೆ ಒಲಿಂದಾ ದುತ್ಕಾ ಅಂಗಡಿಯ ಗಿರಾಕಿ. ಗಿರಾಕಿ ಎಂದರೆ ಸುಮ್ಮನೆ ಗಿರಾಕಿಯಲ್ಲ. ಅವಳ ಮೊದಲ ಕ್ಯಾಮೆರಾ ಕೊಂಡಿದ್ದು ಅಲ್ಲಿ. ಅದು ಕಾರ್ನಿವಲ್ ಗದ್ದಲದಲ್ಲಿ ಕಳುವಾದಾಗ ಮುದುಕ ದೋನ್ ಮಿರೋ ದುತ್ಕಾ ತನ್ನ ಕೊರಳಲ್ಲಿದ್ದ ಕ್ಯಾಮೆರಾವನ್ನೇ ತೆಗೆದು ಅವಳ ಕೊರಳಿಗೆ ಹಾಕಿ, "ಬೇರೇದು ಆಗೋವರೆಗೂ ಇಟ್ಕೋ ಮಗಳೇ" ಎಂದಿದ್ದ. ಈಗ ಕೈಕೊಟ್ಟ ಕ್ಯಾಮೆರಾ ಕೊಂಡಿದ್ದೂ ಅಲ್ಲೇ. ಯಾವ ಮನೆಯವರು ಅಂಗಡಿಗೆ ಬಂದರೂ ಅವರ ಕಿವಿಗೆ ಅವಳ ಹೆಸರು ಹಾಕಿ ಕಳಿಸುತ್ತಿದ್ದ. ಫ್ಲೇತಾಸ್ ಮನೆಯವರನ್ನು ಕಳಿಸಿದ್ದೂ ಅವನೇ. ಬೆಳಗಾದರೆ ಅವಳು ಆ ಅಂಗಡಿಯ ಬೆಂಚಿನ ಮೇಲೆ ಕೂತು, ಅವನು ಬಿಸಿನೀರು ಹೊಯ್ದು ಸರದಿಯಲ್ಲಿ ಎಲ್ಲರಿಗೂ ಕೊಡುವ ಮಾಟೆ ಎಲೆಯ ಕಷಾಯದ ಸೋರೆಬುರುಡೆಗೆ ಕೈ ಚಾಚದಿದ್ದರೆ ಇಬ್ಬರಿಗೂ ದಿನ ಶುರುವಾಗುತ್ತಿರಲಿಲ್ಲ.

ಗಲ್ಲಾದ ಮೇಲೆ ಒಂದು ರಟ್ಟಿನ ಫಲಕವಿತ್ತು: ಇಲ್ಲಿ ಕೊಂಡಿದ್ದಕ್ಕೆ ಮಾತ್ರ ಇಲ್ಲಿ ರಿಪೇರಿ. ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ಆಚೆ ದಡದ ಕ್ಯಾಮೆರಾ ತಂದು ಇಟ್ಟಾಗ ದೋನ್ ಮಿರೋ ಅದನ್ನು ಮುಟ್ಟಲೂ ಇಲ್ಲ. "ನದೀನ ಕೇಳಿ ಡಾಕ್ಟ್ರೇ, ಅದೇ ತಂದುಕೊಟ್ಟಿದ್ದಲ್ವಾ, ಅದೇ ರಿಪೇರಿ ಮಾಡುತ್ತೆ" ಎಂದಿದ್ದ. ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಒಲಿಂದಾ.

ಈಗ ನಗು ಬರುತ್ತಿರಲಿಲ್ಲ. ಅವಳಿಗೆ ಬೇಕಾದ ಕ್ಯಾಮೆರಾ ದುತ್ಕಾ ಅಂಗಡಿಯ ಗಾಜಿನ ಹಿಂದೆ, ಮಾಸಿದ ನೀಲಿ ಮಖಮಲ್ಲಿನ ಮೇಲೆ ಕೂತಿತ್ತು. ಅದರ ಬೆಲೆಯ ಚೀಟಿ ನೋಡಿದಾಗಲೆಲ್ಲ ಅವಳು ತನ್ನ ಪರ್ಸು ಮುಟ್ಟಿ ನೋಡಿಕೊಂಡು ಮುಖ ತಿರುಗಿಸುತ್ತಿದ್ದಳು. ಮುದುಕನನ್ನು ಕೇಳಿದರೆ ತನ್ನ ಲಾಭ ಬಿಟ್ಟು ಕೊಟ್ಟಾನು. ಅದನ್ನು ಕೇಳುವುದಕ್ಕಿಂತ ಕಳ್ಳತನವೇ ಮೇಲು ಅನ್ನಿಸಿತು ಅವಳಿಗೆ. ಅವನ ಕೊರಳಿನ ಕ್ಯಾಮೆರಾವನ್ನೇ ಒಮ್ಮೆ ಇಸಕೊಂಡಾಗಿತ್ತಲ್ಲ.

ಮಧ್ಯಾಹ್ನದ ನಿದ್ದೆಗೆ ಊರೆಲ್ಲ ಬಾಗಿಲು ಹಾಕಿಕೊಂಡ ಹೊತ್ತಿನಲ್ಲಿ ಅವಳು ಬಸ್ಸು ಹತ್ತಿದಳು. ದೋನ್ ಮಿರೋ ಆಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ. ಆಚೆ ದಡದಲ್ಲಿ ಕ್ಯಾಮೆರಾ ಕೊಳ್ಳಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಅಲ್ಲಿಯವರಿಗೆ ಮಾತೂ ಬೇಡ, ಮಾಟೆಯೂ ಬೇಡ, ಕೊಟ್ಟರು, ಕಳಿಸಿದರು.

ಮುಂದಿನ ಕೆಲಸ ನಮ್ಮೂರಿನ ಕೂಸುಗಳಿಗೂ ಗೊತ್ತಿರುವಂಥದ್ದು. ಆಚೆಯಿಂದ ತಂದದ್ದು ಹೊಸದಾಗಿ ಕಾಣಬಾರದು, ಕಂಡರೆ ಸುಂಕದ ಕಟ್ಟೆಯಲ್ಲಿ ಹಿಡಿಯುತ್ತಾರೆ. ಹೊಸ ಬೂಟಿಗೆ ಕೆಂಪು ಮಣ್ಣು ಬಳಿಯುತ್ತಾರೆ, ಹೊಸ ಕಂಬಳಿಯನ್ನು ಸುಡು ಬಿಸಿಲಲ್ಲೂ ಹೊದ್ದು ಬರುತ್ತಾರೆ. ಕ್ಯಾಮೆರಾಗೆ ಮಣ್ಣು ಬಳಿಯಲಾದೀತೇ? ಒಲಿಂದಾ ಡಬ್ಬಿಯನ್ನು ಅಲ್ಲೇ ಎಸೆದು, ಮನೆಯಿಂದ ತಂದಿದ್ದ ಹಳೆ ಕ್ಯಾಮೆರಾದ ಕೊರಳಪಟ್ಟಿಯನ್ನು ಹೊಸದಕ್ಕೆ ಸಿಕ್ಕಿಸಿ ಕೊರಳಿಗೆ ಹಾಕಿಕೊಂಡಳು. ಬೆವರು ಕುಡಿದು ಕುಡಿದು ಬಣ್ಣಗೆಟ್ಟ ಪಟ್ಟಿ. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಫೋಟೋ ದುತ್ಕಾ ಎಂದು ಹೆಸರು, ಕೆಳಗೆ ಅಂಗಡಿಯ ಫೋನ್ ನಂಬರು. ಒಳ್ಳೆಯ ಉಪಾಯವೆಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು, ಪೆದ್ದಿ.

ಸುಂಕದ ಕಟ್ಟೆಯಲ್ಲಿದ್ದವನು ಹೊಸಬ, ಚುರುಕು ಕಣ್ಣಿನವನು.

"ಇದೇನು ಸೆನ್ಯೋರಾ?"

"ಕ್ಯಾಮೆರಾ. ನಂದೇ. ಹಳೇದು."

"ಪಟ್ಟಿ ಹಳೇದು, ಒಪ್ಕೊಂಡೆ. ಕ್ಯಾಮೆರಾ ಮಾತ್ರ ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿ ಇದ್ದಂಗಿದೆ."

"ಜೋಪಾನವಾಗಿ ಇಟ್ಕೋತೀನಪ್ಪ."

"ಎಲ್ಲಿ ತಗೊಂಡ್ರಿ?"

ಎಷ್ಟೋ ವರ್ಷಗಳಿಂದ ಹೇಳಿ ಹೇಳಿ ರೂಢಿಯಾದ ಉತ್ತರ ತಾನಾಗಿ ಬಾಯಿಗೆ ಬಂತು. "ದುತ್ಕಾ ಅಂಗಡೀಲಿ."

ಅವನು ಅವಳ ಗುರುತಿನ ಚೀಟಿಯಲ್ಲಿ ಹೆಸರು ಓದಿಕೊಂಡು, ಪಟ್ಟಿಯನ್ನು ತಿರುಗಿಸಿ ನೋಡಿ, ಅದರ ಮೇಲಿದ್ದ ನಂಬರನ್ನು ತನ್ನ ಫೋನಿನಲ್ಲಿ ಒತ್ತತೊಡಗಿದ. ಕ್ಯಾಮೆರಾ ಹೋದರೆ ಶನಿವಾರ ಹೋಯಿತು. ಅದಕ್ಕಿಂತ ಹೆಚ್ಚಾಗಿ, ನಿದ್ದೆಯಿಂದೆದ್ದ ಆ ಮುದುಕನ ಕಿವಿಗೆ ಈ ಸುದ್ದಿ ಹೀಗೆ, ಇವನ ಬಾಯಿಂದ ಬೀಳಬೇಕೇ? ನಾಚಿಕೆಯಿಂದ ಅವಳಿಗೆ ನಿಂತ ನೆಲ ಕಾಣಲಿಲ್ಲ.

"ಫೋಟೋ ದುತ್ಕಾನಾ? ನಿದ್ದೆ ಕೆಡಿಸಿದೆ, ಬೇಜಾರ್ ಮಾಡ್ಕೋಬೇಡಿ. ಸೇತುವೆ ಹತ್ರದಿಂದ ಮಾತಾಡ್ತಿದೀನಿ. ಇಲ್ಲೊಬ್ಬರು ಒಲಿಂದಾ ಅಂತ, ನಿಮ್ಮ ಗಿರಾಕೀನಾ? ... ಕ್ಯಾಮೆರಾನೂ ನಿಮ್ಮದೇನಾ?" ಆಮೇಲೆ ಅತ್ತಲಿನ ಮಾತನ್ನು ಹ್ಞೂಂಗುಟ್ಟುತ್ತ ಕೇಳಿಸಿಕೊಂಡ. "ಸರಿ ದೋನ್. ಹೇಳ್ತೀನಿ." ಫೋನು ಜೇಬಿಗೆ ಹಾಕಿ ಕ್ಯಾಮೆರಾವನ್ನು ಅವಳ ಕೈಗಿಟ್ಟ. "ಅವರ ಅಂಗಡೀದೇ ಅಂತೆ. ಶುಚಿ ಮಾಡಿಸೋಕೆ ನೀವು ತರದೆ ಬಹಳ ದಿನ ಆಯ್ತಂತೆ, ಬೇಗ ತರಬೇಕಂತೆ, ಬೈತಿದ್ರು. ಹೋಗಿ."

ಬಸ್ಸಿನಲ್ಲಿ ಕೂತ ಮೇಲೂ ಅವಳಿಗೆ ತಲೆ ಬುಡ ತಿಳಿಯಲಿಲ್ಲ. ನಿದ್ದೆಗಣ್ಣಿನಲ್ಲಿ ಹಳೆ ಕ್ಯಾಮೆರಾವೆಂದೇ ತಿಳಿದು ಹೌದು ಅಂದನೇ? ಹಾಗಾದರೆ ತಾನು ಬದುಕಿದಂತೆ. ಆದರೆ ಹಳೆಯದು ಕೆಟ್ಟಿದ್ದು ಅವನಿಗೆ ಗೊತ್ತು, ಕೆಟ್ಟ ದಿನವೇ ಬಿಚ್ಚಿ ನೋಡಿ ಅದರ ಶವಪರೀಕ್ಷೆ ಮಾಡಿದವನೇ ಅವನು. ಹಾಗಾದರೆ ಗೊತ್ತಿದ್ದೂ ಸುಳ್ಳು ಹೇಳಿದನೇ? ಅಷ್ಟು ದೊಡ್ಡ ಮನಸ್ಸೋ, ಅಥವಾ ಎದುರಿಗೆ ಕೂರಿಸಿಕೊಂಡು ಸುಲಿಯಲಿಕ್ಕೋ? ತಂದು ಶುಚಿ ಮಾಡಿಸು ಅಂದರೆ ಏನರ್ಥ?

ಮನೆಗೆ ಬಂದು ಕ್ಯಾಮೆರಾ ತೆರೆದರೆ ಇನ್ನೊಂದು ಫಜೀತಿ. ಪರದೆಯ ಮೇಲೆ ಮೂಡಿದ್ದೆಲ್ಲ ಜಪಾನಿ ಅಕ್ಷರ. ಭಾಷೆ ಬದಲಿಸುವ ಜಾಗವೆಲ್ಲಿ ಎಂದು ಸಂಜೆಯವರೆಗೂ ಹುಡುಕಿದಳು. ಅಂಥ ಜಾಗವೇ ಇರಲಿಲ್ಲ. ಅದು ಆ ದೇಶದವರಿಗೆಂದೇ ಮಾಡಿದ ಮಾಲು, ಯಾವ ದಾರಿಯಲ್ಲೋ ಬಂದು ಆಚೆ ದಡ ಸೇರಿತ್ತು. ಅಗ್ಗಕ್ಕೆ ಯಾಕೆ ಸಿಕ್ಕಿತೆಂದು ಈಗ ಅರ್ಥವಾಯಿತು.

ಮಾರನೆಯ ದಿನ ಸಂತೆಯಲ್ಲಿ ಹೂ ಮಾರುವ ಹಾತ್ಸುಯೆ ಅಜ್ಜಿಯ ಬಳಿ ಹೋದಳು. ಅಜ್ಜಿಯ ಅಪ್ಪ ಅಮ್ಮ ಜಪಾನಿನಿಂದ ಹಡಗಿನಲ್ಲಿ ಬಂದು ಇಲ್ಲಿ ಹೊಲ ಮಾಡಿದವರು. ಅಜ್ಜಿ ಕೈ ಒರೆಸಿಕೊಂಡು ಪರದೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು.

"ಇದು ಬೆಳಕು. ಇದು ಮನುಷ್ಯ. ಇದು... ಹಗಲಿರಬೇಕು."

"ಮತ್ತೆ ಈ ಉದ್ದದ್ದು?"

"ಅಷ್ಟು ಉದ್ದದ್ದೆಲ್ಲ ನಮ್ಮಮ್ಮ ಕಲಿಸಲಿಲ್ಲ ಕಣೇ. ಒತ್ತಿ ನೋಡೋಣ ತಾಳು."

ಒತ್ತಿದಳು. ಅಲ್ಲಿಂದ ಮುಂದೆ ತೆಗೆದ ಫೋಟೋಗಳೆಲ್ಲ ನೀಲಿ. ಅಜ್ಜಿ ನೀಲಿ, ಗುಲಾಬಿ ನೀಲಿ, ಬೀದಿನಾಯಿಯೂ ನೀಲಿ.

"ಚೆನ್ನಾಗೇ ಇದೆಯಲ್ಲ" ಎಂದಳು ಅಜ್ಜಿ. "ಹೂ ತಗೋತೀಯಾ?"

ಈ ನಡುವೆ ದುತ್ಕಾ ಅಂಗಡಿಗೆ ಹೋಗದೆಯೂ ಇರುವಂತಿರಲಿಲ್ಲ. ಹೋಗದಿದ್ದರೆ ತಪ್ಪೊಪ್ಪಿಕೊಂಡಂತೆ. ಹೊಸ ಕ್ಯಾಮೆರಾವನ್ನು ಚೀಲದಲ್ಲಿ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಮಾಟೆಯ ಸರದಿಯಲ್ಲಿ ಇವತ್ತು ತನ್ನನ್ನು ಬಿಟ್ಟು ಮುಂದಿನವರಿಗೆ ಕೊಡುತ್ತಾನೆ ಎಂದೇ ಅವಳು ಎಣಿಸಿದ್ದಳು. ಇಲ್ಲ, ಬುರುಡೆ ಎಂದಿನಂತೆ ಅವಳ ಕೈಗೇ ಬಂತು, ಎಂದಿನಷ್ಟೇ ಬಿಸಿಯಾಗಿ. ಫೋನಿನ ಮಾತಿಲ್ಲ, ಸೇತುವೆಯ ಮಾತಿಲ್ಲ. ಮುದುಕ ಮೀನಿನ ವಿಷಯ ತೆಗೆದ.

"ಈಗಿನ ಮೀನುಗಳೂ ಜಾಣ ಆಗ್ಬಿಟ್ಟಿವೆ. ಮೇಯೋದು ಆಚೆ ದಡ, ಬೆಚ್ಚಗಿರೋದು ಈಚೆ ದಡ."

ಒಲಿಂದಾಳಿಗೆ ಕಷಾಯ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು.

"ನಿಧಾನ ಕುಡಿ ಮಗಳೇ, ಯಾರೂ ಕಿತ್ಕೊಳಲ್ಲ" ಎಂದ ಅವನು. ಇದು ಚುಚ್ಚುಮಾತೋ ಅಕ್ಕರೆಯೋ? ಅವನ ಮುಖ ನೋಡಿದಳು, ಮೀಸೆಯ ಹೊರತು ಏನೂ ಕಾಣಲಿಲ್ಲ. ಮರುದಿನವೂ ಇದೇ ಕತೆ. ಅವನು ಬಿಸಿಲು ಅಂದರೆ ಇವಳು ಬೆವರುವಳು, ಬಸ್ಸು ಅಂದರೆ ಬೆಚ್ಚುವಳು. ಬೈದುಬಿಟ್ಟಿದ್ದರೆ ಸುಖವಾಗಿತ್ತು.

ಶುಕ್ರವಾರ ಬಂತು. ಫೋಟೋಗಳು ಇನ್ನೂ ನೀಲಿ. ಅಂಗಡಿ ಖಾಲಿಯಾಗುವುದನ್ನೇ ಕಾದಿದ್ದು, ಒಲಿಂದಾ ಕ್ಯಾಮೆರಾವನ್ನು ಚೀಲದಿಂದ ತೆಗೆದು ಗಲ್ಲಾದ ಮೇಲೆ, ಸರಿಯಾಗಿ ಆ ರಟ್ಟಿನ ಫಲಕದ ಎದುರಿಗೇ ಇಟ್ಟಳು.

"ಇದೇ ಅದು" ಎಂದಳು.

"ನೋಡ್ತಿದೀನಿ."

"ನಂಗೆ ಓದೋಕೆ ಬರ್ತಿಲ್ಲ ದೋನ್ ಮಿರೋ. ನಾಳೆ ಹಬ್ಬ. ಎಲ್ಲಾ ನೀಲಿ ಬರ್ತಿದೆ. ಬೈಯೋದಿದ್ರೆ ಬೈರಿ, ಆದ್ರೆ ಮೊದಲು ಇದನ್ನ ನೋಡಿ."

ಮುದುಕ ಕನ್ನಡಕ ಏರಿಸಿ, ಗುಂಡಿಗಳನ್ನು ಅಲ್ಲಿ ಇಲ್ಲಿ ಒತ್ತಿದ. ನೀಲಿ ಹೋಗಿ ಹಸಿರಾಯಿತು. ಇನ್ನೊಮ್ಮೆ ಒತ್ತಿದ. ಕ್ಯಾಮೆರಾ ಹಕ್ಕಿಮರಿಯಂತೆ ಕಿಚಕಿಚ ಅನ್ನತೊಡಗಿತು, ನಿಲ್ಲಲೇ ಇಲ್ಲ. ಇಬ್ಬರೂ ಮಂಗನ ಹಾಗೆ ಅದನ್ನೇ ನೋಡುತ್ತ ನಿಂತರು.

"ಏನು ಮಾಡಿದ್ರಿ?"

"ಯಾವನಿಗೆ ಗೊತ್ತು."

ಅವನು ಮೀಸೆ ನೀವಿಕೊಂಡು ಹೋಗಿ ಗಾಜಿನ ಕಪಾಟು ತೆರೆದ. ನೀಲಿ ಮಖಮಲ್ಲಿನ ಮೇಲಿದ್ದ ಕ್ಯಾಮೆರಾವನ್ನು, ಅವಳು ಕೊಳ್ಳದೆ ಬಿಟ್ಟಿದ್ದನ್ನು, ಎತ್ತಿಕೊಂಡ. ಅದು ಕೂತಿದ್ದ ಜಾಗದಲ್ಲಿ ಮಾತ್ರ ಮಖಮಲ್ಲಿನ ಬಣ್ಣ ಮಾಸದೆ ಉಳಿದಿತ್ತು. ಅಂಗಿಯ ತುದಿಯಿಂದ ಧೂಳು ಒರೆಸಿ, ಬ್ಯಾಟರಿ ಹಾಕಿ, ಅವಳದ್ದರ ಪಕ್ಕಕ್ಕೆ ಇಟ್ಟ. ಎರಡೂ ಒಂದೇ ಜಾತಿಯವು. ಇದರ ಅಕ್ಷರ ಮಾತ್ರ ನಮ್ಮ ಸ್ಪ್ಯಾನಿಷ್.

"ಇದರಲ್ಲಿ ಬಣ್ಣ ಮೇಲಿಂದ ಮೂರನೇದು. ನಿಂದರಲ್ಲೂ ಮೂರನೇದನ್ನ ಒತ್ತು. ಈಗ ಬಲಕ್ಕೆ. ಈಗ ಕೆಳಕ್ಕೆ."

ಅವನು ಓದುತ್ತ ಹೋದ, ಅವಳು ಒತ್ತುತ್ತ ಹೋದಳು. ಕಿಚಕಿಚ ನಿಂತಿತು. ಗಲ್ಲಾದ ಮೇಲಿನ ಬುರುಡೆ ಬುರುಡೆಯ ಬಣ್ಣಕ್ಕೇ ಬಂತು, ಮುದುಕ ಮುದುಕನ ಬಣ್ಣಕ್ಕೆ. ಒಲಿಂದಾ ಫಲಕದತ್ತ ಕೈ ತೋರಿಸಿದಳು.

"ಫಲಕದಲ್ಲಿ ಹಾಗೆ ಬರೆದಿದೀರಲ್ಲ" ಎಂದಳು.

"ಇದು ರಿಪೇರಿ ಅಲ್ಲ. ಓದಿ ಹೇಳಿದ್ದು."

"ಸುಂಕದವನ ಹತ್ರ ಯಾಕೆ ಹೌದು ಅಂದ್ರಿ?"

"ನಿದ್ದೆಗಣ್ಣಲ್ಲಿದ್ದೆ."

"ದೋನ್ ಮಿರೋ."

ಅವನು ಕನ್ನಡಕ ತೆಗೆದು ಮಡಿಸಿದ. "ಒಲಿಂದಾ ನಿಮ್ಮ ಗಿರಾಕೀನಾ ಅಂತ ಕೇಳ್ದ. ಹೌದು ಅಂದೆ. ಆಮೇಲೆ ಕ್ಯಾಮೆರಾ ನಿಮ್ಮದಾ ಅಂತ ಕೇಳ್ದ. ಅಷ್ಟೊತ್ತಿಗೆ ಒಂದು ಸಲ ಹೌದು ಅಂದಾಗಿತ್ತಲ್ಲ."

ಅವನು ಅವಳ ಕ್ಯಾಮೆರಾವನ್ನು ತನ್ನತ್ತ ಎಳೆದುಕೊಂಡು, ಹಳೆಯ ಪಟ್ಟಿಯನ್ನು ಒಂದು ಕಡೆ ಬಿಚ್ಚಿದ, ಇನ್ನೊಂದು ಕಡೆಯೂ ಬಿಚ್ಚಿದ. ಮಡಿಸಿ ಗಲ್ಲಾದ ಡ್ರಾಯರಿನೊಳಗಿಟ್ಟ. ಕೆಳಗಿನಿಂದ ಹೊಸದೊಂದು ಪಟ್ಟಿ ತೆಗೆದು ಸಿಕ್ಕಿಸತೊಡಗಿದ. ಬರೀ ಕಪ್ಪು ಪಟ್ಟಿ, ಅದರ ಮೇಲೆ ಹೆಸರಿಲ್ಲ, ನಂಬರಿಲ್ಲ.

"ಹೆಸರಿರೋದು ಇಲ್ವಾ?" ಎಂದಳು ಮೆಲ್ಲಗೆ.

"ಬೇಕಾದಷ್ಟಿದೆ. ಅದು ಇಲ್ಲಿಂದ ಹೋದ ಕ್ಯಾಮೆರಾಗಳಿಗೆ. ಇದಕ್ಕೆ ಹಾಕಿದ್ರೆ ಅವರು ಮತ್ತೆ ಫೋನ್ ಮಾಡ್ತಾರೆ. ಎರಡನೇ ಸಲ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ ಮಗಳೇ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳು ಜಗಳವಾಡಿ ಹಗುರಾಗುತ್ತಿದ್ದಳು. ಪಟ್ಟಿಗೆ ಹಣ ಕೊಡಹೋದರೆ ಬೇಡವೆಂದು ತಲೆಯಾಡಿಸಿದ. ಆಮೇಲೆ ಬುರುಡೆಗೆ ಬಿಸಿನೀರು ಹೊಯ್ದು ಅವಳ ಕೈಗೆ ಕೊಟ್ಟ. ಅವಳು ಕುಡಿದಳು. ಒಳಗೆ ಕರೆದುಕೊಂಡನೋ, ಮರ್ಯಾದೆಯಿಂದ ಹೊರಗೆ ಕಳಿಸಿದನೋ ಎಂಬುದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಕಷಾಯ ಮಾತ್ರ ಎಂದಿನಂತೆಯೇ ಇತ್ತು.

ಶನಿವಾರ ರಾತ್ರಿ ಫ್ಲೇತಾಸ್ ಹುಡುಗಿ ಮೆಟ್ಟಿಲಿಳಿದು ಬಂದಳು, ಅಪ್ಪನ ಜೊತೆ ಕುಣಿದಳು. ಒಂದು ಫೋಟೋವೂ ನೀಲಿಯಾಗಲಿಲ್ಲ. ಹುಡುಗಿಯ ಚಿಕ್ಕಪ್ಪ, ಕೈಯಲ್ಲಿ ಗ್ಲಾಸು ಹಿಡಿದು, ಒಲಿಂದಾಳ ಕೊರಳಲ್ಲಿದ್ದುದನ್ನೇ ನೋಡುತ್ತ ಹತ್ತಿರ ಬಂದ.

"ಹೊಸಾದಾ? ಚೆನ್ನಾಗಿದೆ. ಎಲ್ಲಿ ತಗೊಂಡ್ರಿ?"

ರೂಢಿಯ ಉತ್ತರ ನಾಲಿಗೆಯ ತುದಿಯವರೆಗೂ ಬಂತು. ಅವಳ ಕೈ ತಾನಾಗಿ ಪಟ್ಟಿಯನ್ನು ಸವರಿತು. ಬೆರಳಿಗೆ ಒಂದು ಅಕ್ಷರವೂ ತಾಗಲಿಲ್ಲ.

"ಆಚೆ ದಡದಲ್ಲಿ."

"ಹಂಗಾದ್ರೆ ಅಗ್ಗಕ್ಕೆ ಹೊಡೆದಿದೀರಾ ಬಿಡಿ."

"ಇಲ್ಲ ಸೆನ್ಯೋರ್. ದುಬಾರಿಯಾಯ್ತು."

ಅವನು ಅರ್ಥವಾಗದೆ ನಕ್ಕ. "ದುಬಾರಿ ಅಂದ್ಮೇಲೆ ನಮ್ಮ ದುತ್ಕಾ ಹತ್ರಾನೇ ತಗೋಬಹುದಿತ್ತಲ್ಲ?"

"ತಗೋಬಹುದಿತ್ತು" ಎಂದಳು ಒಲಿಂದಾ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು, ಗದ್ದ ಸ್ವಲ್ಪ ಮೇಲೆತ್ತುವಂತೆ ಹುಡುಗಿಗೆ ಹೇಳಿದಳು.