ತೂನ್ ಪದದ ಕೆಂಪು ಚೀಟಿ

ಲೇವಾರ್ಡನ್ ಪಟ್ಟಣದ ಕಾಲುವೆ ದಂಡೆಯ ಮೇಲಿದ್ದ ಫ್ರೀಸಿಯನ್ ಭಾಷೆಯ ನಿಘಂಟು ಕಚೇರಿಯಲ್ಲಿ ಸೋಮವಾರ ಬೆಳಿಗ್ಗೆ ಪದಗಳ ಹಂಚಿಕೆ ನಡೆಯಿತು. ಮುಖ್ಯ ಸಂಪಾದಕ ದುರ್ಕ್ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಪಟ್ಟಿ ಓದಿದ.

“ತೊಸ್ಕ್, ಅಂದ್ರೆ ಹಲ್ಲು, ವೊಬ್ಬೆಗೆ. ತೂನ್, ಹಿಸ್ಕೆಗೆ.”

ವೊಬ್ಬೆಗೆ ಸಿಕ್ಕಿದ ಪದ ತಕ್ಷಣವೇ ಉಪಯೋಗಕ್ಕೆ ಬಂತು. ಆತ ಕಟಕಟನೆ ಹಲ್ಲು ಕಡಿದ.

ಆ ಕಚೇರಿಯಲ್ಲಿ ಅವನು ಮೂವತ್ತು ವರ್ಷ ಸವೆಸಿದ್ದ. ‘ಸ’ ಅಕ್ಷರವೊಂದೇ ಹನ್ನೆರಡು ವರ್ಷ ತಿಂದಿತ್ತು. ಸಿಂಬಳದಿಂದ ಸಾಬೂನಿನವರೆಗೆ ಎಲ್ಲವನ್ನೂ ಒರೆಸಿದವನು ಅವನೇ. ಹಾಗೆ ಒರೆಸುವಾಗಲೆಲ್ಲ ‘ತ’ ಬರಲಿ, ತೂನ್ ನನಗೇ ಸಿಗುತ್ತದೆ ಎಂದು ಕಾದಿದ್ದ. ತೂನ್ ಎಂದರೆ ಅವರಲ್ಲಿ ಹಿತ್ತಲ ತೋಟ. ನೆಂಟ ಭಾಷೆಗಳ ಮನೆಗಳಿಗೆ ಹೋದರೆ ಅದರ ವೇಷವೇ ಬೇರೆ. ಜರ್ಮನರ ತ್ಸೌನ್ ಬರೀ ಬೇಲಿ. ಐಸ್‌ಲ್ಯಾಂಡಿನ ತೂನ್ ಮನೆ ಸುತ್ತಲಿನ ಹುಲ್ಲುಗಾವಲು. ಇಂಗ್ಲಿಷರ ಟೌನ್ ಅಂತೂ ಇಡೀ ಪಟ್ಟಣ! ಎಲ್ಲಕ್ಕೂ ಮುತ್ತಜ್ಜ ಬೇಲಿಯೇ. ಬೇಲಿಯೊಳಗಿನ ನೆಲ ತೋಟವಾಗಿ, ಅಂಗಳವಾಗಿ, ಕೊನೆಗೆ ಊರೇ ಆಗಿತ್ತು. ಇಂಥ ಪದದ ಬುಡದಲ್ಲಿ ಅದನ್ನು ಬರೆದ ಸಂಪಾದಕನ ಹೆಸರಿನ ಮೊದಲಕ್ಷರ ಅಚ್ಚಾದರೆ, ಸತ್ತ ಮೇಲೂ ಒಂದು ವಿಳಾಸ ಇದ್ದ ಹಾಗೆ.

ಆ ವಿಳಾಸ ಈಗ ಇಪ್ಪತ್ತೇಳರ ಹಿಸ್ಕೆಯ ಪಾಲಾಗಿತ್ತು. ಆಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಅವಳ ಪೆನ್ಸಿಲಿನ ಮೊನೆ ಕೂಡ ವೊಬ್ಬೆಗೆ ತನ್ನದಕ್ಕಿಂತ ಚೂಪಾಗಿ ಕಂಡಿತು. ಕಾಫಿ ಹೊತ್ತಿಗೆ, ಐಸ್‌ಲ್ಯಾಂಡಿನ ನಿಘಂಟುಕಾರರು ಅವಳಿಗೆ ಬರೆದಿದ್ದ ಕಾಗದ ನೋಡಲು ಎಲ್ಲರೂ ಅವಳ ಮೇಜಿನ ಸುತ್ತಲೇ. ವೊಬ್ಬೆ ಒಬ್ಬನೇ ಕೈತೊಳೆಯುವ ತೊಟ್ಟಿಯ ಮೇಲಿನ ಕನ್ನಡಿಯ ಮುಂದೆ ನಿಂತು, ಕತ್ತು ಕೊಂಕಿಸಿ ಅವಳ ದನಿ ತೆಗೆದ: “ಅಯ್ಯೋ, ಐಸ್‌ಲ್ಯಾಂಡಿಂದ ಕಾಗದ ಬಂತು ನಂಗೇ! ಆಹಾ, ನಂಗೇ!” ಅನುಕರಣೆ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೇ ಕೋಪ ಬಂತು.

ಅಂದೇ ಮಧ್ಯಾಹ್ನ ಆತ ತೂನ್ ಪದದ ಡ್ರಾಯರ್ ಎಳೆದ. ಜನರ ಬಾಯಲ್ಲಿ ಆ ಪದದ ಬಳಕೆ ಬರೆದಿಟ್ಟ ಇನ್ನೂರು ಚೀಟಿಗಳಲ್ಲಿ ಆ ಒಂದು ಎಲ್ಲಿದೆಯೆಂದು ಬೆರಳಿಗೇ ಗೊತ್ತಿತ್ತು. ಸೇರಿದ ಮೊದಲ ವರ್ಷ ಎದುರುಗಾಳಿಗೆ ಸೈಕಲ್ ತುಳಿದು ಕಡಲ ದಂಡೆಯ ಹಳ್ಳಿಗೆ ಹೋಗಿ, ಆಲ್ತ್ಯೆ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಚೀಟಿ ಅದು. ಅಜ್ಜಿ ಕಡ್ಡಿ ಹೆಣೆದ ಬೇಲಿಗೆ ತೂನ್ ಎನ್ನುತ್ತಿದ್ದಳು. ಅವರ ನಾಡಿನಲ್ಲೂ ಆ ಹಳೇ ಅರ್ಥ ಉಸಿರಾಡುತ್ತಿತ್ತು ಎನ್ನಲು ಡ್ರಾಯರಿನಲ್ಲಿ ಇದ್ದದ್ದು ಆ ಒಂದೇ ಸಾಕ್ಷಿ. ವೊಬ್ಬೆ ಅದನ್ನು ಎತ್ತಿ, ಊಟದ ಡಬ್ಬಿಯ ಚೀಸು ಬ್ರೆಡ್ಡಿನಡಿ ತುರುಕಿದ. ಹಿಸ್ಕೆಯ ಬರಹ ಕುಂಟಲಿ!

ನಾಲ್ಕು ದಿನ ಅವಳ ಮುಖ ನೋಡಿದ. ಕುಂಟುವ ಲಕ್ಷಣವೇ ಇಲ್ಲ. ಸಿಳ್ಳೆ ಹಾಕುತ್ತಿದ್ದಳು.

ಶುಕ್ರವಾರ ಹಿಸ್ಕೆ ಕಿತ್ತಳೆ ಕೇಕ್ ತಂದಳು. ಪದ ಮುಗಿಸಿದವರೇ ಎಲ್ಲರಿಗೂ ಕೇಕ್ ತಿನ್ನಿಸಬೇಕೆಂಬುದು ಕಚೇರಿಯ ರೂಢಿ. ದುರ್ಕ್ ಆಗಲೇ ತಟ್ಟೆ ಹಿಡಿದು ನಿಂತಿದ್ದ.

“ಕತ್ತರಿಸಮ್ಮ, ಕೆನೆ ಇಳೀತಾ ಇದೆ!”

“ಐದು ನಿಮಿಷ ಸಾರ್. ಒಂದು ಚೀಟಿ ಬರೋದಿದೆ,” ಎಂದು ಆಕೆ ನೇರ ವೊಬ್ಬೆಯ ಮೇಜಿಗೆ ಬಂದು, ಕೆಂಪು ರಟ್ಟಿನ ತುಂಡೊಂದನ್ನು ಅವನ ಲೋಟದ ಪಕ್ಕ ಇಟ್ಟಳು.

ಅದರ ಮೇಲಿದ್ದದ್ದು ವೊಬ್ಬೆಯದೇ ಕೈಬರಹ. ಯಾರೇ ಚೀಟಿ ಹೊರತೆಗೆದರೂ ಅದರ ಜಾಗದಲ್ಲಿ ಹೆಸರು, ದಿನ, ಹೊತ್ತು ಬರೆದ ಕೆಂಪು ಚೀಟಿ ಇಡಬೇಕು. ಮೂವತ್ತು ವರ್ಷ ಅದನ್ನೇ ಮಾಡಿದ ಕೈ, ಕದಿಯುವಾಗಲೂ ಅದನ್ನೇ ಮಾಡಿತ್ತು. ‘ಆಲ್ತ್ಯೆ ಅಜ್ಜಿ, ತೂನ್, ಬೇಲಿ. ತೆಗೆದವರು: ವೊಬ್ಬೆ. ಸೋಮವಾರ, ಎರಡು ಗಂಟೆ ಹತ್ತು ನಿಮಿಷ.’ ಅಕ್ಷರ ಮುತ್ತಿನಂತಿದ್ದವು.

“ಕದ್ದು ರಸೀದಿನೂ ಇಟ್ಟು ಹೋಗೋ ಕಳ್ಳನ್ನ ನಾನು ಇದೇ ಮೊದಲು ನೋಡಿದ್ದು ವೊಬ್ಬೆಯವರೇ,” ಎಂದು ಹಿಸ್ಕೆ ಪಿಸುಗುಟ್ಟಿದಳು. “ಸೋಮವಾರದಿಂದ ಕಾಯ್ತಿದೀನಿ, ನೀವೇ ತಂದ್ಕೊಡ್ತೀರಿ ಅಂತ.”

“ದುರ್ಕ್‌ಗೆ ಹೇಳ್ಬಹುದಿತ್ತಲ್ಲ?”

“ಹೇಳ್ಬಹುದಿತ್ತು. ಈಗ್ಲೂ ಹೇಳ್ಬಹುದು.”

ಅವನು ಲೋಟವನ್ನು ಪಕ್ಕಕ್ಕೆ ಸರಿಸಿದ. “ಹೊಟ್ಟೆಕಿಚ್ಚು ಕಣಮ್ಮ. ಇನ್ನೇನೂ ಇಲ್ಲ.”

“ನಂಗಿಲ್ವಾ? ಆ ಅಜ್ಜಿ ನಾನು ಶಾಲೆಗೆ ಸೇರೋ ಮೊದಲೇ ಹೋದ್ರಂತೆ. ಐಸ್‌ಲ್ಯಾಂಡಿಂದ ಎಷ್ಟು ಕಾಗದ ಬಂದ್ರೂ ಆ ದನಿ ಬರುತ್ತಾ? ಅದನ್ನ ಕೇಳಿದ ಕಿವಿ ನಿಮ್ಮದು. ನಾಲ್ಕು ದಿನದಿಂದ ನಂಗೂ ಉರೀತಿದೆ.”

“ನೀನು ಸಿಳ್ಳೆ ಹಾಕ್ತಿದ್ದೆ!”

“ಉರಿದಾಗ್ಲೇ ನಾನು ಸಿಳ್ಳೆ ಹಾಕೋದು.”

ವೊಬ್ಬೆ ಡಬ್ಬಿ ತೆರೆದ. ಚೀಟಿಯ ಮೂಲೆಗೆ ಬೆಣ್ಣೆ ಮೆತ್ತಿತ್ತು. ಅದನ್ನು ಅಂಗಿಯ ತೋಳಿಗೆ ಒರೆಸಿ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: “ಈ ಚೀಟಿ ನಾಲ್ಕು ದಿನ ನನ್ನ ಹತ್ರ ಇತ್ತು. ಹಿಸ್ಕೆಗೆ ಸಿಗಬಾರ್ದು ಅಂತ್ಲೇ ಬಚ್ಚಿಟ್ಟಿದ್ದೆ.”

ದುರ್ಕ್ ತಟ್ಟೆ ಕೆಳಗಿಟ್ಟ. ಅವನು ಬಾಯಿ ತೆರೆಯುವ ಮೊದಲೇ ಹಿಸ್ಕೆ, “ಬರೀ ಚೀಟಿ ಕೊಡ್ಬೇಡಿ, ಅಜ್ಜಿ ಹೇಳಿದ ಹಾಗೇ ಓದಿ,” ಎಂದಳು.

ವೊಬ್ಬೆ ತುಟಿಗಳನ್ನು ಬೊಚ್ಚುಬಾಯಿಯಂತೆ ಒಳಗೆಳೆದುಕೊಂಡ. ಕಡಲಗಾಳಿಯಲ್ಲಿ ಕೂಗಿ ಕೂಗಿ ಒಡೆದ ದನಿ ಹೊರಬಂತು: “ಏ ಹುಡ್ಗಾ, ಸೈಕಲ್ಲು ತೂನಿಗೆ ಆನಿಸ್ಬೇಡ್ವೋ! ಕಡ್ಡಿ ಮುರಿದ್ರೆ ನಿಮ್ಮಪ್ಪ ಬಂದು ಹೆಣೀತಾನಾ?”

ಯಾರೂ ನಗಲಿಲ್ಲ. ಹಿಸ್ಕೆ ಕಣ್ಣು ಮುಚ್ಚಿ ಕೇಳಿ, “ಇನ್ನೊಂದ್ಸಲ,” ಎಂದಳು.

ಮೂರು ಸಲ ಆದ ಮೇಲೆ ಆಕೆ ಬರೆದು ಮುಗಿಸಿದಳು. ವೊಬ್ಬೆ ಅವಳ ಭುಜದ ಮೇಲಿಂದ ಇಣುಕಿದ.

“ಬುಡದಲ್ಲಿ... ಯಾರ ಹೆಸರಿನ ಅಕ್ಷರ?”

“ನಂದು,” ಎಂದಳು ಹಿಸ್ಕೆ, ತಲೆಯೆತ್ತದೆ. “ನಂದು ಮಾತ್ರ.”

ವೊಬ್ಬೆಯ ಹಲ್ಲು ಮತ್ತೊಮ್ಮೆ ಕಟಕಟ ಎಂದಿತು. ಆತ ಚೀಟಿಯನ್ನು ಡ್ರಾಯರಿಗೆ ಸೇರಿಸಿ, ಕೆಂಪು ರಟ್ಟಿನ ಮೇಲೆ ಹಿಂದಿರುಗಿಸಿದ ಹೊತ್ತನ್ನು ನಿಮಿಷ ತಪ್ಪದೆ ಬರೆದ. ಆಮೇಲೆ ಹೋಗಿ, ದುರ್ಕ್ ಕಣ್ಣಿಟ್ಟಿದ್ದ, ಎಲ್ಲಕ್ಕಿಂತ ಹೆಚ್ಚು ಕೆನೆಯಿದ್ದ ಕೇಕಿನ ತುಂಡನ್ನು ಕತ್ತರಿಸಿ ತನ್ನ ತಟ್ಟೆಗೆ ಹಾಕಿಕೊಂಡ.