ಎರಡು ಬೆರಳು ತೆರೆದಿಟ್ಟ ಕಿಟಕಿ

ಬಿಸಿಲಲ್ಲಿ ನಿಂತ ಗಾಡಿಯ ಬಾಗಿಲು ತೆಗೆದರೆ ಮುಖಕ್ಕೆ ಝಳ ಹೊಡೆಯುತ್ತದಲ್ಲ, ಆ ಕಷ್ಟ ಎಲ್ಲರಿಗೂ ಗೊತ್ತು. ಜೀವಮಾನವೆಲ್ಲ ಬಸ್ ಓಡಿಸಿ ನಿವೃತ್ತರಾದ ಒಬ್ಬ ಯಜಮಾನರಿಗಂತೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಡಿಪೋದಲ್ಲಿ ಎಲ್ಲ ಡ್ರೈವರುಗಳ ಹಾಗೆ ಅವರೂ ತಮ್ಮ ಪಕ್ಕದ ಕಿಟಕಿಯನ್ನು ಎರಡು ಬೆರಳು ತೆರೆದೇ ಇಳಿಯುತ್ತಿದ್ದರು.

ನಿವೃತ್ತಿಯಾದ ಮೇಲೆ ಅವರೊಂದು ಮೋಟರ್‌ಹೋಮ್ ಕೊಂಡರು. ಒಳಗೇ ಮಂಚ, ಒಲೆ, ಬೀರು. ಕೊಂಡದ್ದು ಹೆಂಡತಿಗಾಗಿ. ಆಕೆಯ ಕಾಯಿಲೆ ವಾಸಿಯಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಒಮ್ಮೆ ಸಮುದ್ರದ ಪಕ್ಕ ಮಲಗಿ ಅಲೆಯ ಸದ್ದಿಗೆ ಕಣ್ಣು ಬಿಡಬೇಕು ಎಂಬುದೊಂದೇ ಆಕೆಯ ಆಸೆ.

ಹೊರಡುವ ಮುಂಚೆ ನಾದಿನಿ ಬಂದಳು. ಇಂಥದೇ ಗಾಡಿಯಲ್ಲಿ ಗಂಡನೊಡನೆ ಊರೂರು ತಿರುಗಿದವಳು. ಬಾಗಿಲಿಗೆ ಇನ್ನೊಂದು ಗಟ್ಟಿ ಬೀಗ ಬೇಕು, ಕದ ಅಲುಗಿದರೆ ಕೂಗುವ ಅಲಾರಂ ಬೇಕು ಎಂದಳು. ಈ ಗಾಡಿಯಲ್ಲೂ ಹಳೆಯ ಅಭ್ಯಾಸದಂತೆ ತೆರೆದಿದ್ದ ಕಿಟಕಿ ನೋಡಿ ಅಲ್ಲೇ ನಿಂತುಬಿಟ್ಟಳು.

"ಭಾವ, ಡಿಪೋಲಿ ಗೇಟಿತ್ತು, ಕಾವಲಿನವನಿದ್ದ. ದಾರೀಲಿ ಯಾರಿರ್ತಾರೆ? ಒಂದು ತಂತಿ ತೂರಿಸಿದ್ರೆ ಮುಗೀತು."

"ಬಿಡಮ್ಮ, ನಮ್ಮ ಗಾಡೀಲಿ ಕದಿಯೋಕೆ ಏನಿದೆ? ಎರಡು ಪಾತ್ರೆ, ಒಂದು ಮುದುಕಿ."

ಹೆಂಡತಿಯೂ ನಕ್ಕಳು. ನಾದಿನಿ ನಗಲಿಲ್ಲ.

ಅರ್ಧ ದಾರಿಯಲ್ಲಿ, ಒಂದು ಮಧ್ಯಾಹ್ನ, ನೆರಳು ಚೆನ್ನಾಗಿದೆಯೆಂದು ಲಾರಿಗಳ ಮರೆಯಲ್ಲಿ ಗಾಡಿ ನಿಲ್ಲಿಸಿ, ಎಂದಿನಂತೆ ಕಿಟಕಿ ಎರಡು ಬೆರಳು ತೆರೆದಿಟ್ಟು ಇಬ್ಬರೂ ಊಟಕ್ಕೆ ಹೋದರು. ಬಂದು ನೋಡಿದರೆ ಬಾಗಿಲು ಹಾರುಹೊಡೆದಿತ್ತು. ಹೋದದ್ದು ಒಂದು ಫೋನು, ಒಂದು ಕೈಚೀಲ, ಅಷ್ಟೇ. ಆದರೆ ಹಾಸಿಗೆ ಮಗುಚಿ ಬಿದ್ದಿತ್ತು, ಆಕೆಯ ಬಟ್ಟೆಗಳ ಮೇಲೆ ಯಾರದೋ ಬೂಟಿನ ಗುರುತಿತ್ತು. ಪೊಲೀಸರು ದೂರು ಬರೆದುಕೊಂಡರು. ಆಮೇಲೆ ಬೆನ್ನು ಹಾಸಿಗೆಗೆ ತಾಗಿದರೆ ಸಾಕು, ಆಕೆ ಬೆಚ್ಚಿ ಎದ್ದು ಕೂರುತ್ತಿದ್ದಳು. ಯಜಮಾನರು ಎಷ್ಟು ಸಮಾಧಾನ ಹೇಳಿದರೂ ಪ್ರಯೋಜನವಾಗಲಿಲ್ಲ.

"ವಾಪಸ್ ಹೋಗೋಣ ಕಣ್ರಿ. ಇದು ನಮ್ಮನೆ ಅನ್ನಿಸ್ತಾನೇ ಇಲ್ಲ ನಂಗೆ."

ಅವರು ಗಾಡಿ ತಿರುಗಿಸಿದರು.

ನಾದಿನಿ ಒಂದು ಮಾತೂ ಬೈಯಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ನೋವಾಯಿತು. ತಪ್ಪು ನನ್ನದೇ ಎಂದು ಒಪ್ಪಿಕೊಂಡು, ಅವಳು ಹೇಳಿದಂತೆ ಬೀಗ ಹಾಕಿಸಿದರು, ಅಲಾರಂ ಕೂರಿಸಿದರು, ಒಳಗಿನದು ಹೊರಗೆ ಕಾಣದಂತೆ ಪರದೆ ಕಟ್ಟಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ. ಈಗ ಇರುವೆಯೂ ನುಗ್ಗೋದಿಲ್ಲ ಬಾ ಎಂದು ಹೆಂಡತಿಯನ್ನು ಕರೆದರು. ಆಕೆ ಮೆಟ್ಟಿಲ ತನಕ ಬಂದಳು. ಅಷ್ಟು ಹೊತ್ತಿಗೆ ಕಾಯಿಲೆ ಹೆಚ್ಚಾಗಿ ಹತ್ತುವ ಶಕ್ತಿ ಕಾಲಲ್ಲಿ ಉಳಿದಿರಲಿಲ್ಲ. ಸಮುದ್ರ ನೋಡದೆಯೇ ಆಕೆ ಹೋಗಿಬಿಟ್ಟಳು.

ಪ್ರಯಾಣ ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಒಂದು ಲೋಟ ಕಾಫಿಗೆ ಇಳಿದರೂ ಎಲ್ಲ ಕಿಟಕಿ ಪೂರ್ತಿ ಏರಿಸಿ, ಬಾಗಿಲು ಎಳೆದು ನೋಡಿ. ಮರೆಯಲ್ಲಿ ಬೇಡ, ನಾಲ್ಕು ಜನ ಓಡಾಡುವಲ್ಲಿ ನಿಲ್ಲಿಸಿ. ಫೋನು, ಚೀಲ ಕಣ್ಣಿಗೆ ಬೀಳುವಂತೆ ಬಿಡಬೇಡಿ. ನಿಮ್ಮನ್ನು ನಂಬಿ ಜೊತೆಗೆ ಬಂದವರು ನೆಮ್ಮದಿಯಾಗಿ ನಿದ್ದೆ ಮಾಡಲಿ. ಅಷ್ಟನ್ನು ಮಾಡಿಕೊಡಲಾಗಲಿಲ್ಲವಲ್ಲ ಎಂದು ಆ ಯಜಮಾನರು ಇವತ್ತಿಗೂ ಅಳುತ್ತಾರೆ.